ಮೊದಲು ದಾರಿ, ಆಮೇಲೆ ವಿಮಾನ

ಬಶೀರಾಬಾದ್ ಮಂಡಲದ ಪಡುವಣ ತೊಗರಿ ಹೊಲಗಳು ಮುಗಿದಲ್ಲಿಗೆ ತೆಲಂಗಾಣ ಮುಗಿಯುತ್ತದೆ, ಸೇಡಂ ತಾಲ್ಲೂಕು ಶುರುವಾಗುತ್ತದೆ. ನಮ್ಮ ಪೇಟೆ ತಾಂಡೂರು, ನೆಂಟರು ಸೇಡಂ, ಚಿಂಚೋಳಿ ಕಡೆ, ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಸೇಡಂ ದಾಟಿ ಕಲಬುರಗಿಗೆ ಹೋಗುವ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ, ವಿಮಾನ ನಿಲ್ದಾಣ ಸಿಗುತ್ತದೆ. 2019ರ ನವೆಂಬರ್ 22ರಂದು ಅಲ್ಲಿಗೂ ಬೆಂಗಳೂರಿಗೂ ಸ್ಟಾರ್ ಏರ್ ವಿಮಾನ ಓಡಾಡಲು ಶುರುವಾಯಿತು. ಮರುವರ್ಷದ ಆಗಸ್ಟ್‌ನಲ್ಲಿ, ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಹೊಸ ಆವೃತ್ತಿ ಬಂತು. ಈ ಎರಡೂ ಒಂದರ ಹಿಂದೆ ಒಂದು ಬಂದದ್ದರಿಂದ, ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇರುವ ನಮ್ಮ ಕಡೆಯ ಹುಡುಗರಿಗೆ ವಿಮಾನದ ಹುಚ್ಚು ಹತ್ತಿತು. ನನಗೆ ಅದು ಮೊದಲೇ ಇತ್ತು.

ತಾಂಡೂರಿನಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಸಿಮ್ಯುಲೇಟರ್, ನಮ್ಮ ಬಾಯಲ್ಲಿ ಸಿಮ್, ಕೊಂಡ ಹುಡುಗರು ಸ್ವಲ್ಪ ದಿನಕ್ಕೆ ಮತ್ತೆ ಬರುತ್ತಾರೆ, ಆ್ಯಡ್-ಆನ್ ಯಾವುದು ಕೊಳ್ಳಲಿ ಎಂದು ಕೇಳಲು. ಸಿಮ್ಯುಲೇಟರ್ ಜೊತೆಗೆ ಇಡೀ ಭೂಮಿ ಮತ್ತು ಕೆಲವು ವಿಮಾನಗಳು ಬರುತ್ತವೆ. ಅದರ ಮೇಲೆ ಬೇರೆ ಕಂಪನಿಗಳು ವಿಮಾನ, ನಿಲ್ದಾಣ, ಹವಾಮಾನ, ನಕ್ಷೆ ಎಲ್ಲವನ್ನೂ ಬಿಡಿಬಿಡಿಯಾಗಿ ಮಾರುತ್ತವೆ. ಚೆನ್ನಾಗಿ ಮಾಡಿದ ಒಂದು ಜೆಟ್ ವಿಮಾನಕ್ಕೆ 50ರಿಂದ 80 ಡಾಲರ್ ಬೀಳುತ್ತದೆ. ತೊಗರಿ ಮಾರಿದ ದುಡ್ಡಿನಲ್ಲಿ ಅಪ್ಪನನ್ನು ಒಪ್ಪಿಸಿ ತರುವ ಮೊತ್ತ ಅದು. ಹಾಗಾಗಿ ನಾನು ಕಂಡದ್ದನ್ನು, ನಾನೇ ಹಾರಿಸಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಎಲ್ಲಿಂದ ಎಲ್ಲಿಗೆ ಹಾರುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ

"ಕಾಕಾ, ಯಾವ ವಿಮಾನ ತೊಗೊಳ್ಲಿ?" ಎಂದು ಕೇಳಿದವನಿಗೆ ನಾನು ಕೊಡುವ ಉತ್ತರ ಒಂದೇ: "ಎಲ್ಲಿಂದ ಎಲ್ಲಿಗಿ ಹಾರಸ್ತಿ, ಅದು ಮೊದಲ ಹೇಳಪ್ಪಾ." ಹೆಚ್ಚಿನವರು ವಿಡಿಯೊದಲ್ಲಿ ಕಂಡ ಬೋಯಿಂಗ್ 777ರ ಹೆಸರು ಹೇಳುತ್ತಾರೆ. ಆ ವಿಮಾನದ ಕೆಲಸ ಹನ್ನೆರಡು, ಹದಿನಾಲ್ಕು ತಾಸಿನ ಹಾರಾಟ. ಕಾಲೇಜು, ಹೊಲ, ಅಂಗಡಿ ಮುಗಿಸಿ ರಾತ್ರಿ ಒಂದು ತಾಸು ಕೂರುವವನಿಗೆ ಅದು ನೆಲ ಬಿಡುವಷ್ಟರಲ್ಲೇ ನಿದ್ದೆಯ ಹೊತ್ತಾಗುತ್ತದೆ.

ನಮಗೆ ಒಂದು ಸೊಗಸಾದ ದಾರಿ ಕೈಯಳತೆಯಲ್ಲೇ ಇದೆ, ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ಕಲಬುರಗಿಗೆ. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡರ ರನ್‌ವೇಗಳೂ ಪೂರ್ವ-ಪಶ್ಚಿಮವಾಗಿಯೇ ಮಲಗಿವೆ. ಶಂಶಾಬಾದಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಏರಿದರೆ, ಅದೇ ದಿಕ್ಕಿನಲ್ಲಿ ಕಲಬುರಗಿಯ 27 ಸಂಖ್ಯೆಯ ರನ್‌ವೇಗೆ ಇಳಿಯಬಹುದು. ನೇರ ಗೆರೆ ಎಳೆದರೆ ಸುಮಾರು 155 ಕಿಲೋಮೀಟರ್, ಅಂದರೆ 85 ನಾಟಿಕಲ್ ಮೈಲಿಯ ಹತ್ತಿರ. ಆ ಗೆರೆ ವಿಕಾರಾಬಾದಿನ ಅನಂತಗಿರಿ ಗುಡ್ಡ ದಾಟಿ, ತಾಂಡೂರಿನ ನೆತ್ತಿಯ ಮೇಲೆಯೇ ಹಾದು, ಸೇಡಂ ಮತ್ತು ಮಳಖೇಡವನ್ನು ಎಡಕ್ಕೆ ಬಿಟ್ಟು ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಕಾಗಿಣಾ ಹೊಳೆಯನ್ನೇ ಗುರುತಾಗಿಟ್ಟುಕೊಂಡು ಹಾರಬಹುದು.

ಈಗ ಈ ದಾರಿಗೆ ಬೋಯಿಂಗ್ 737 ಹಾಕಿ ನೋಡಿ. ಇಳಿಯುವ ಲೆಕ್ಕ ಎಲ್ಲ ಪೈಲಟ್‌ಗಳಿಗೂ ಬಾಯಿಪಾಠ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ಮೂವತ್ತು ಸಾವಿರ ಅಡಿಗೆ ಏರಿದರೆ ಇಳಿಯಲಿಕ್ಕೇ 90 ಮೈಲಿ ಬೇಕು, ನಮ್ಮ ಇಡೀ ದಾರಿ ಅಷ್ಟು ಉದ್ದವಿಲ್ಲ. ಆ ಜೆಟ್‌ನ ಎತ್ತರದ ಹಾರಾಟ, ಇಂಧನದ ಲೆಕ್ಕಾಚಾರ, ಅದರೊಳಗೆ ತುಂಬಿದ ಎಷ್ಟೋ ವ್ಯವಸ್ಥೆಗಳು ಇಲ್ಲಿ ಬಳಕೆಗೇ ಬರುವುದಿಲ್ಲ. ಎಟಿಆರ್ 72 ಹಾಕಿದರೆ ಹನ್ನೆರಡು ಹದಿಮೂರು ಸಾವಿರ ಅಡಿಗೆ ಏರಿ, ಸ್ವಲ್ಪ ಹೊತ್ತು ನೇರ ಹಾರಿ, ಕೊನೆಯ 40 ಮೈಲಿಯಲ್ಲಿ ನಿಧಾನವಾಗಿ ಇಳಿಯಬಹುದು. ಎಲ್ಲಾ ಸೇರಿ ಅರ್ಧ ತಾಸಿನ ಆಸುಪಾಸು. ಈ ದಾರಿಗೆ ತಕ್ಕ ವಿಮಾನ ಅದೇ. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಅಂಗಡಿಯಲ್ಲೇ ಎಟಿಆರ್ 42-600 ಮತ್ತು 72-600 ಮಾರಾಟಕ್ಕಿಟ್ಟಿತು. ಬೆಲೆ ದೊಡ್ಡ ಜೆಟ್‌ಗಳ ಅರ್ಧಕ್ಕಿಂತ ಕಡಿಮೆ.

ಕಲಬುರಗಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 460 ಕಿಲೋಮೀಟರ್. ಅಲ್ಲಿ ಸಣ್ಣ ಜೆಟ್‌ಗೆ ಮೈಚಾಚಲು ಜಾಗವಿದೆ. ಸ್ಟಾರ್ ಏರ್ ಬಳಸುವ ಎಂಬ್ರೇಯರ್ 175 ಮಾದರಿ ಎರಡೂ ದೊಡ್ಡ ಸಿಮ್‌ಗಳಿಗೆ ಸಿಗುತ್ತದೆ: ಮೈಕ್ರೋಸಾಫ್ಟ್‌ನದಕ್ಕೆ ಫ್ಲೈಟ್‌ಸಿಮ್ ಸ್ಟುಡಿಯೊ ಮಾಡಿದ್ದು, ಎಕ್ಸ್-ಪ್ಲೇನ್‌ಗೆ ಎಕ್ಸ್-ಕ್ರಾಫ್ಟ್ಸ್ ಮಾಡಿದ್ದು. ವಾರಕ್ಕೆ ನಾಲ್ಕು ಸಲ ಹಾರಿಸುವ ದಾರಿಗೆ ಹೊಂದುವ ವಿಮಾನ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಅಪರೂಪಕ್ಕೆ ಹೊರತೆಗೆಯುವ ದೊಡ್ಡ ವಿಮಾನಕ್ಕೆ ಅವಸರ ಬೇಡ.

2. ಪುಕ್ಕಟೆ ಸಿಗುವುದರ ತಳ ಕಾಣುವ ತನಕ ದುಡ್ಡು ತೆಗೆಯಬೇಡಿ

ಪುಕ್ಕಟೆ ಎಂದರೆ ಕಳಪೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಿಮ್ ಜಗತ್ತಿನಲ್ಲಿ ಅದು ನಿಲ್ಲುವುದಿಲ್ಲ. ಫ್ಲೈಬೈವೈರ್ ಎಂಬ ಸ್ವಯಂಸೇವಕರ ತಂಡ ಏರ್‌ಬಸ್ ಎ320 ನಿಯೊ ವಿಮಾನವನ್ನು 2020ರಿಂದಲೂ ತಿದ್ದಿ ತೀಡಿ ಉಚಿತವಾಗಿ ಕೊಡುತ್ತಾ ಬಂದಿದೆ. ಎಕ್ಸ್-ಪ್ಲೇನ್‌ನಲ್ಲಿ ಜೀಬೊ ಹೆಸರಿನ ಬೋಯಿಂಗ್ 737-800 ಇದೆ. ಸಿಮ್ ಜೊತೆ ಬರುವ 737ನ್ನೇ ಹಿಡಿದು ಬೆಳೆಸಿದ ಅದು ಹಣಕ್ಕೆ ಮಾರುವ ಎಷ್ಟೋ ವಿಮಾನಗಳಿಗಿಂತ ಆಳವಾಗಿದೆ. ಹಾರಾಟದ ಯೋಜನೆ ಹಾಕಿ ಇಂಧನದ ಲೆಕ್ಕ ಕೊಡುವ ಸಿಮ್‌ಬ್ರೀಫ್ ಉಚಿತ. ನಕ್ಷೆಯ ಮೇಲೆ ದಾರಿ ತೋರಿಸುವ ಲಿಟಲ್ ನ್ಯಾವ್‌ಮ್ಯಾಪ್ ಉಚಿತ. ಕಂಪ್ಯೂಟರ್ ತೀರಾ ಹಳೆಯದಾದರೆ ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರೇ ಉಚಿತ.

ಹುಡುಗರಿಗೆ ನಾನು ಹೇಳುವುದಿಷ್ಟು: ಉಚಿತ ಎ320ಯಲ್ಲಿ ಬ್ಯಾಟರಿ ಹಾಕುವುದರಿಂದ ಹಿಡಿದು ಎಂಜಿನ್ ಆರಿಸುವ ತನಕ ಪಟ್ಟಿ ನೋಡದೆ ಮಾಡಿ ತೋರಿಸಿ. ಅಷ್ಟಾದ ಮೇಲೆ "ಇದರಲ್ಲಿ ಇಂಥದ್ದು ಇಲ್ಲ" ಎಂದು ನಿಮ್ಮ ಬಾಯಲ್ಲೇ ಬರುತ್ತದೆ. ಆ ಕೊರತೆಗಾಗಿ ಖರ್ಚು ಮಾಡಿ.

3. ಹೆಸರು ಒಂದೇ ಆದರೂ ವಿಮಾನ ಬೇರೆ

ಜಹೀರಾಬಾದ್, ನಾರಾಯಣಖೇಡ್ ಕಡೆಯ ಹುಡುಗರಿಗೆ ಹಾಕ್ ವಿಮಾನ ಎಂದರೆ ಪ್ರಾಣ. ಬೀದರ್ ವಾಯುನೆಲೆ ಅವರಿಗೆ ಹತ್ತಿರ. ಯುದ್ಧವಿಮಾನದ ಪೈಲಟ್‌ಗಳು ತಯಾರಾಗುವುದು ಅಲ್ಲಿ ಹಾಕ್ ಮೇಲೆಯೇ. ವಾಯುಪಡೆಯ ವೈಮಾನಿಕ ಪ್ರದರ್ಶನದ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ ಅದೇ ನೆಲೆಯಲ್ಲಿ, ಈಗ ಅದು ಹಾರಿಸುವುದೂ ಹಾಕ್. ದನ ಮೇಯಿಸುತ್ತಾ ತಲೆಯೆತ್ತಿದರೆ ಕಾಣುವ ವಿಮಾನವನ್ನು ಮನೆಯಲ್ಲಿ ಹಾರಿಸಬೇಕೆಂಬ ಆಸೆಯನ್ನು ನಾನು ಗೌರವಿಸುತ್ತೇನೆ.

ಆದರೆ ಅಂಗಡಿಯಲ್ಲಿ 'ಹಾಕ್' ಎಂದು ಹುಡುಕಿದರೆ ಮೊದಲು ಸಿಗುವುದು ಜಸ್ಟ್ ಫ್ಲೈಟ್ ಕಂಪನಿಯ ಹಾಕ್ ಟಿ1. ಅದು ಬ್ರಿಟನ್ನಿನ ವಾಯುಪಡೆಯ ಹಳೆಯ ಮಾದರಿ, ಕಾಕ್‌ಪಿಟ್ ತುಂಬ ಮುಳ್ಳಿನ ಗಡಿಯಾರಗಳು. ನಮ್ಮ ವಾಯುಪಡೆ 2008ರಲ್ಲಿ ಬೀದರಿಗೆ ತಂದದ್ದು ಮಾರ್ಕ್ 132. ಅದರ ಎಂಜಿನ್ ಹೆಚ್ಚು ಬಲದ್ದು, ಮುಂದೆ ಬಣ್ಣದ ಪರದೆಗಳು, ಕಣ್ಣೆದುರಿನ ಗಾಜಿನ ಮೇಲೆ ವೇಗ ಮತ್ತು ಎತ್ತರ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಒಳಗೆ ಕೂತಾಗ ಬೇರೆಯದೇ ಮನೆ. ಟಿ1 ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಡಿಯಾರದ ಮುಳ್ಳು ಓದಿ ಹಾರುವುದನ್ನು ಕಲಿಯಲು ಅದು ಬಹಳ ಒಳ್ಳೆಯದು. ಬೀದರಿನ ಆಕಾಶದ ವಿಮಾನ ಬೇಕು ಎಂದು ಕೊಳ್ಳುವವನಿಗೆ ಮಾತ್ರ ಈ ವ್ಯತ್ಯಾಸ ಮೊದಲೇ ತಿಳಿದಿರಬೇಕು.

ಎ320 ವಿಷಯದಲ್ಲೂ ಇದೇ. 2022ರ ಮೇ ತಿಂಗಳಲ್ಲಿ ಬಂದ ಫೆನಿಕ್ಸ್ ಎ320ಯಷ್ಟು ನಿಖರವಾದ ಏರ್‌ಬಸ್ ಅದಕ್ಕೆ ಮುಂಚೆ ಈ ಸಿಮ್‌ನಲ್ಲಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಹೊರಬಂದದ್ದು ಹಳೆಯ ತಲೆಮಾರಿನ ಎಂಜಿನ್‌ಗಳ ಎ320 ಆಗಿ. ಶಂಶಾಬಾದಿನಲ್ಲಿ ಇಂದು ಸಾಲಾಗಿ ನಿಂತಿರುವ ಇಂಡಿಗೊ ವಿಮಾನಗಳಲ್ಲಿ ಹೆಚ್ಚಿನವು ಹೊಸ ತಲೆಮಾರಿನ ಎಂಜಿನ್‌ಗಳ ನಿಯೊ. ಆ ನಿಯೊ ಬೇಕೆನ್ನುವವನಿಗೆ ಫ್ಲೈಬೈವೈರ್ ತಂಡದ ಉಚಿತ ವಿಮಾನವೇ ಹೆಚ್ಚು ಹತ್ತಿರ. ಆದ್ದರಿಂದ ಕೊಳ್ಳುವ ಪುಟದಲ್ಲಿ ವಿಮಾನದ ಹೆಸರಿನ ನಂತರದ ಅಂಕಿ-ಅಕ್ಷರಗಳನ್ನು ಓದಿ: ಎಂಜಿನ್ ಯಾವುದು, ಯಾವ ತಲೆಮಾರು, ಎಷ್ಟು ಉದ್ದದ್ದು.

4. ಕಲಬುರಗಿಯ ಮೇ ತಿಂಗಳಲ್ಲಿ ಹಾರಿಸಿ ನೋಡಿ

ಆ್ಯಡ್-ಆನ್ ವಿಮಾನ ಆಳವಾಗಿದೆಯೋ ಬರೀ ಬಣ್ಣ ಬಳಿದದ್ದೋ ಎಂದು ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಕೊಳ್ಳುವ ಮುನ್ನ ಗೆಳೆಯನ ಕಂಪ್ಯೂಟರಿನಲ್ಲಿ ಮಾಡಬಹುದು. ಅದೂ ಇಲ್ಲದಿದ್ದರೆ, ವಿಮರ್ಶೆಯ ವಿಡಿಯೊ ಮಾಡುವವರಿಗೆ ಈ ಪ್ರಶ್ನೆ ಕೇಳಬಹುದು.

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ವಿಮಾನ ತಯಾರಕರ ಪುಸ್ತಕದ ಪ್ರಕಾರ ಆ ಎತ್ತರದಲ್ಲಿ ಉಷ್ಣತೆ 12 ಡಿಗ್ರಿ ಇರಬೇಕು. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ 42 ಡಿಗ್ರಿ. ಲೆಕ್ಕಕ್ಕಿಂತ ಮೂವತ್ತು ಡಿಗ್ರಿ ಹೆಚ್ಚು ಬಿಸಿ. ಪ್ರತಿ ಡಿಗ್ರಿಗೆ 120 ಅಡಿಯಂತೆ ಕೂಡಿದರೆ, ಅಲ್ಲಿನ ತೆಳುವಾದ ಗಾಳಿಯಲ್ಲಿ ವಿಮಾನ 5,000 ಅಡಿ ಎತ್ತರದ ಊರಲ್ಲಿ ನಿಂತಂತೆ ವರ್ತಿಸಬೇಕು. ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ.

ಸಿಮ್‌ನಲ್ಲಿ ಹವಾಮಾನವನ್ನು ಕೈಯಿಂದ ಹೊಂದಿಸಿ. ಗಾಳಿ ಸೊನ್ನೆ, ಉಷ್ಣತೆ 42, ವಿಮಾನ ಪೂರ್ತಿ ತೂಕ. ಓಟ ಶುರುವಾದಲ್ಲಿಂದ ಚಕ್ರ ನೆಲ ಬಿಡುವ ತನಕದ ದೂರ ಬರೆದುಕೊಳ್ಳಿ. ಆಮೇಲೆ ಅದೇ ತೂಕ, ಅದೇ ಫ್ಲಾಪ್, ಉಷ್ಣತೆ ಮಾತ್ರ ಡಿಸೆಂಬರ್ ಬೆಳಗಿನ 15. ಒಳ್ಳೆಯ ವಿಮಾನದಲ್ಲಿ ಎರಡರ ನಡುವೆ ಎದ್ದು ಕಾಣುವ ಅಂತರ ಬರುತ್ತದೆ, ಏರುವ ವೇಗವೂ ಬಿಸಿಯಲ್ಲಿ ಕುಗ್ಗುತ್ತದೆ. ಎಂಜಿನ್‌ನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಸಮೀಪಕ್ಕೆ ಹೋಗುತ್ತದೆ. ತೋರಿಕೆಗಷ್ಟೇ ಮಾಡಿದ ವಿಮಾನ ಎರಡು ಸಲವೂ ಒಂದೇ ಜಾಗದಲ್ಲಿ ಎದ್ದುಬಿಡುತ್ತದೆ.

ಕಲಬುರಗಿಯ ರನ್‌ವೇ 3,175 ಮೀಟರ್ ಉದ್ದವಿರುವುದರಿಂದ ಅಲ್ಲಿ ಎಟಿಆರ್ ಒದ್ದಾಡುವುದಿಲ್ಲ, ಆದರೆ ಅಂಕಿ ಸುಳ್ಳು ಹೇಳುವುದಿಲ್ಲ. ಬೀದರ್ ಇನ್ನೂ ಎತ್ತರದಲ್ಲಿದೆ, ಸುಮಾರು 2,200 ಅಡಿ. ಅಲ್ಲಿ ಪರೀಕ್ಷೆ ಇನ್ನಷ್ಟು ಸ್ಪಷ್ಟ.

ಎರಡನೇ ಪರೀಕ್ಷೆ ಸಣ್ಣದು. ಎಂಜಿನ್ ಆರಿಸಿ, ಬ್ಯಾಟರಿ ಹಾಕಿಯೇ ಬಿಟ್ಟು ಊಟಕ್ಕೆ ಹೋಗಿ. ಬಂದಾಗ ಪರದೆಗಳು ಮಂಕಾಗಿದ್ದರೆ, ಬ್ಯಾಟರಿ ಇಳಿದಿದ್ದರೆ, ಆ ವಿಮಾನ ಮಾಡಿದವರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ.

5. ವಿಮಾನಕ್ಕಿಂತ ಮುಂಚೆ ರ‍್ಯಾಮ್

ಇದು ನನ್ನ ಕಸುಬಿನ ಮಾತು. ಮೈಕ್ರೋಸಾಫ್ಟ್ 2024ರ ಸಿಮ್‌ಗೆ ಕನಿಷ್ಠ 16 ಜಿಬಿ ರ‍್ಯಾಮ್ ಸಾಕೆನ್ನುತ್ತದೆ, 32 ಇದ್ದರೆ ಒಳ್ಳೆಯದು ಎನ್ನುತ್ತದೆ. 16ರ ಮೇಲೆ ಆಳವಾದ ಜೆಟ್ ಹಾಕಿ ಶಂಶಾಬಾದಿನಂಥ ದೊಡ್ಡ ನಿಲ್ದಾಣಕ್ಕೆ ಇಳಿಯಲು ಹೋದರೆ, ನೆಲ ಮುಟ್ಟುವ ಹೊತ್ತಿಗೇ ಚಿತ್ರ ತಡೆತಡೆದು ಬರುತ್ತದೆ. ಇಳಿಯುವ ಆ ಅರ್ಧ ನಿಮಿಷಕ್ಕಾಗಿಯೇ ನಾವು ಇಷ್ಟೆಲ್ಲ ಮಾಡುವುದು. ಫೆನಿಕ್ಸ್‌ನಂಥ ವಿಮಾನದ ವ್ಯವಸ್ಥೆಗಳು ಸಿಮ್‌ನ ಹೊರಗೆ ಪ್ರತ್ಯೇಕ ಪ್ರೋಗ್ರಾಂ ಆಗಿ ಓಡುತ್ತವೆ, ಪ್ರೊಸೆಸರ್‌ಗೆ ಅದರ ಹೊರೆ ಬೇರೆ. ಹಾಗಾಗಿ ಹಣ ಒಂದಕ್ಕೇ ಸಾಲುವಂತಿದ್ದರೆ ರ‍್ಯಾಮ್ ಹಾಕಿಸಿ. ಅದು ಮುಂದೆ ಕೊಳ್ಳುವ ಪ್ರತಿ ವಿಮಾನಕ್ಕೂ, ಮನೆಯ ಬೇರೆ ಕೆಲಸಕ್ಕೂ ಬರುತ್ತದೆ.

ಬೇಸಿಗೆಯಲ್ಲಿ ಪರಸಿ ಕಲ್ಲು ಹೊದಿಸಿದ ನಮ್ಮ ಮನೆಗಳೂ ರಾತ್ರಿ ಹತ್ತರ ತನಕ ಕಾವು ಬಿಡುತ್ತವೆ. ಬಿಸಿಯಾದ ಗ್ರಾಫಿಕ್ಸ್ ಕಾರ್ಡ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕ್ಯಾಬಿನೆಟ್‌ನ ದೂಳು ತೆಗೆಸಿ ಫ್ಯಾನ್ ಬದಲಿಸಿದ ಮೇಲೆ, "ಹೊಸ ವಿಮಾನ ಸರಿಯಿಲ್ಲ" ಎಂದು ಬಂದವರ ದೂರು ಎಷ್ಟೋ ಸಲ ಅಲ್ಲೇ ಮುಗಿದಿದೆ.

6. ನೆಟ್ ಮತ್ತು ಕರೆಂಟು ಕೂಡ ಬೆಲೆಯ ಭಾಗವೇ

2024ರ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಸಿಮ್ ಹೆಚ್ಚಿನದನ್ನು ಹಾರುವಾಗಲೇ ನೆಟ್‌ನಿಂದ ಎಳೆದುಕೊಳ್ಳುತ್ತದೆ. ತಾಂಡೂರು ಪೇಟೆಯಲ್ಲಿ ಫೈಬರ್ ಇರುವವರಿಗೆ ತೊಂದರೆಯಿಲ್ಲ. ಗಡಿಯ ಊರುಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ದಿನದ ಡೇಟಾ ಒಂದೇ ಹಾರಾಟಕ್ಕೆ ಮುಗಿಯಬಹುದು. ಅಂಥವರಿಗೆ ನಾನು ಎಕ್ಸ್-ಪ್ಲೇನ್ ಸೂಚಿಸುತ್ತೇನೆ. ಅದರ ನೆಲದ ಚಿತ್ರಣವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಹಾರಬಹುದು, ಕೊಳ್ಳುವ ಮುನ್ನ ನೋಡಲು ಉಚಿತ ಪರೀಕ್ಷಾ ಆವೃತ್ತಿಯೂ ಇದೆ. ನೋಟ ಅಷ್ಟು ಬೆರಗು ಹುಟ್ಟಿಸದಿರಬಹುದು, ಗಾಳಿಯಲ್ಲಿ ವಿಮಾನ ನಡೆದುಕೊಳ್ಳುವ ರೀತಿ ನನಗೆ ಅದರಲ್ಲೇ ಹೆಚ್ಚು ಹಿಡಿಸುತ್ತದೆ.

ಯುಪಿಎಸ್ ಇಲ್ಲದೆ ದೊಡ್ಡ ಆ್ಯಡ್-ಆನ್ ಇನ್‌ಸ್ಟಾಲ್ ಮಾಡಬೇಡಿ. ನಡುವೆ ಕರೆಂಟು ಹೋದರೆ ಅರ್ಧಂಬರ್ಧ ಫೈಲುಗಳು ಉಳಿದು ಸಿಮ್ ತೆರೆಯುವುದೇ ನಿಂತುಬಿಡಬಹುದು.

7. ನಿಲ್ದಾಣ ಕೊಳ್ಳುವುದು ಕೊನೆಗೆ

ಸೀನರಿಯ ಚಿತ್ರಗಳು ಮನಸ್ಸು ಕದಿಯುತ್ತವೆ. ಲಂಡನ್, ದುಬೈ, ಸಿಂಗಪುರ ಎಲ್ಲಾ ಕೊಂಡಿಟ್ಟುಕೊಂಡು ದಿನವೂ ಹಾರುವುದು ಮಾತ್ರ ಶಂಶಾಬಾದಿನಿಂದ ಎಂಬವರನ್ನು ಬಲ್ಲೆ. ಇಳಿಯುವ ಊರನ್ನೇ ಕೊಳ್ಳಿ. ಕೊಳ್ಳುವಾಗ ಅದು ಯಾವ ವರ್ಷದ ಊರು ಎಂದು ನೋಡಿ. ಬೆಂಗಳೂರಿನ ಎರಡನೇ ರನ್‌ವೇ ಬಳಕೆಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ, ಟರ್ಮಿನಲ್ 2 ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಅದಕ್ಕಿಂತ ಹಿಂದೆ ಮಾಡಿ ಆಮೇಲೆ ತಿದ್ದದ ಸೀನರಿಯಲ್ಲಿ ಇಂದಿನ ಬೆಂಗಳೂರು ಸಿಗುವುದಿಲ್ಲ. ತಿದ್ದುಪಡಿಯ ಕೊನೆಯ ದಿನಾಂಕವನ್ನು ಉತ್ಪನ್ನದ ಪುಟದಲ್ಲೇ ಹುಡುಕಿ.

ನೆಲದ ಏರಿಳಿತ ಎರಡನೆಯದು. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಉದ್ದ 2,450 ಮೀಟರ್, ತುದಿಗಳಾಚೆ ಕಣಿವೆ. ಅಂಥ ನಿಲ್ದಾಣವನ್ನು ಚಪ್ಪಟೆ ಮೈದಾನದಲ್ಲಿ ಇಟ್ಟುಕೊಟ್ಟರೆ, ಕಟ್ಟಡದ ಕಿಟಕಿ ಗಾಜು ಎಷ್ಟೇ ಮಿನುಗಲಿ, ಪೈಲಟ್‌ಗೆ ಅದರಿಂದ ಕಲಿಯುವುದೇನೂ ಇಲ್ಲ. ಕಲಬುರಗಿ, ಬೀದರಿನಂಥ ಸಣ್ಣ ನಿಲ್ದಾಣಗಳನ್ನು ಹವ್ಯಾಸಿಗಳೇ ಮಾಡಿ ಹಂಚುತ್ತಾರೆ. ಎಕ್ಸ್-ಪ್ಲೇನ್‌ನವರು ಅದಕ್ಕೆಂದೇ ಸೀನರಿ ಗೇಟ್‌ವೇ ಇಟ್ಟಿದ್ದಾರೆ, ಯಾರು ಬೇಕಾದರೂ ತಮ್ಮೂರಿನ ನಿಲ್ದಾಣ ಕಟ್ಟಿ ಕಳಿಸಬಹುದು. ಸೇಡಂ ರಸ್ತೆಯಲ್ಲಿ ಓಡಾಡುವ ನಮ್ಮ ಹುಡುಗರಿಗಿಂತ ಕಲಬುರಗಿ ನಿಲ್ದಾಣವನ್ನು ಚೆನ್ನಾಗಿ ಬಲ್ಲವರು ಯಾರು? ಅವರು ಈ ಕೆಲಸಕ್ಕೆ ಕೈಹಾಕಬೇಕು ಎಂಬುದು ನನ್ನ ಬಹುದಿನದ ಆಸೆ.

8. ನಕ್ಷೆಗೆ ಚಂದಾ ಕಟ್ಟುವ ಮುನ್ನ

ವಿಮಾನಯಾನದ ದತ್ತಾಂಶ ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ನ್ಯಾವಿಗ್ರಾಫ್ ಆ ಹೊಸ ದತ್ತಾಂಶವನ್ನೂ ನಕ್ಷೆಗಳನ್ನೂ ಚಂದಾ ಮೇಲೆ ಕೊಡುತ್ತದೆ. ದೇಶದೇಶ ಸುತ್ತುವವರಿಗೆ ಅದು ಬೇಕೇ ಬೇಕು. ಭಾರತದೊಳಗೆ ಮಾತ್ರ ಹಾರುವವರು ಗಮನಿಸಬೇಕಾದದ್ದು, ನಮ್ಮ ವಿಮಾನ ನಿಲ್ದಾಣ ಪ್ರಾಧಿಕಾರ ಇಲ್ಲಿನ ನಿಲ್ದಾಣಗಳ ಅಧಿಕೃತ ನಕ್ಷೆಗಳನ್ನು ಎಐಪಿ ಎಂಬ ತನ್ನ ಮಾಹಿತಿ ಸಂಪುಟದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಇಳಿಯುವ ದಾರಿ, ರನ್‌ವೇ ಉದ್ದ, ರೇಡಿಯೊ ತರಂಗಾಂಕ ಎಲ್ಲವೂ ಅದರಲ್ಲಿವೆ. ಕಲಿಯುವವರು ಮೊದಲು ಅದನ್ನು ಓದಲಿ. ಆಟಕ್ಕೆ ಮಾಡಿದ ನಕ್ಷೆಯಲ್ಲ, ನಿಜವಾದ ಪೈಲಟ್ ಓದುವ ಅದೇ ಹಾಳೆ.

9. ಹಣ ಕಟ್ಟುವ ಹೊತ್ತು

ರಿಸರ್ವ್ ಬ್ಯಾಂಕ್ ನಿಯಮದಂತೆ, 2020ರಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲೇ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ, ಕೊಂಡ ಮೇಲೆ ಮತ್ತೆ ಮುಚ್ಚಿ. ಡಾಲರ್ ಬೆಲೆಯ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರುತ್ತದೆ. ರೂಪಾಯಿಯಲ್ಲೇ ಬೆಲೆ ತೋರಿಸುವ ಸ್ಟೀಮ್‌ನಂಥ ಅಂಗಡಿಯಲ್ಲಿ ಅದೇ ವಸ್ತು ಇದ್ದರೆ ಅಲ್ಲೇ ಕೊಳ್ಳುವುದು ಸಲೀಸು. ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆ ಎರಡು ತಾಸಿನಲ್ಲಿ ನಾಲ್ಕನೇ ಪಾಠದ ಪರೀಕ್ಷೆಯನ್ನೇ ಮಾಡಿ. ಬೇರೆ ಕಡೆ ಇಳಿಸಿಕೊಂಡ ಮೇಲೆ ಸಾಮಾನ್ಯವಾಗಿ ಹಣ ಮರಳುವುದಿಲ್ಲ. ನವೆಂಬರ್ ಕೊನೆಯಿಂದ ಹೊಸ ವರ್ಷದ ತನಕ ಬಹುತೇಕ ಕಂಪನಿಗಳು ಬೆಲೆ ಇಳಿಸುತ್ತವೆ. ಜೂನ್‌ನಲ್ಲಿ ಆಸೆಯಾದದ್ದನ್ನು ಬರೆದಿಟ್ಟುಕೊಂಡರೆ, ನವೆಂಬರ್ ಹೊತ್ತಿಗೆ ಆ ಪಟ್ಟಿಯ ಅರ್ಧ ತಾನೇ ಬಿದ್ದುಹೋಗಿರುತ್ತದೆ.

ಕದ್ದ ಕಾಪಿ ತಂದು ಹಾಕಿಕೊಡಿ ಎನ್ನುವವರಿಗೆ ನಾನು ಹಾಕಿಕೊಡುವುದಿಲ್ಲ. ಅದರ ಜೊತೆ ವೈರಸ್ ಬರುತ್ತದೆ ಎಂಬುದು ಒಂದು ಕಾರಣ. ವರ್ಷಗಟ್ಟಲೆ ಕೂತು ಒಂದು ವಿಮಾನ ಕಟ್ಟಿದವರ ದುಡಿಮೆ ಅದು ಎಂಬುದು ದೊಡ್ಡ ಕಾರಣ.

10. ಮಾಡಿದವರು ಉಳಿಯುತ್ತಾರೆಯೇ?

ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನದ ಸಿಮ್‌ಗೆ ಒಂದು ಕಾಲದಲ್ಲಿ ಹಾಕ್ ಇತ್ತು. ವಿಇಎಒ ಎಂಬ ಕಂಪನಿ ಮಾಡಿ ಮಾರಿತ್ತು. 2018ರಲ್ಲಿ ಆ ಕಂಪನಿ ಡಿಸಿಎಸ್‌ನ ಕೆಲಸ ನಿಲ್ಲಿಸಿತು, ಸಿಮ್ ಮುಂದಿನ ಆವೃತ್ತಿಗಳಿಗೆ ಸಾಗಿತು, ಹಾಕ್ ಹಿಂದೆಯೇ ಉಳಿಯಿತು. ಹಣ ಕೊಟ್ಟು ಕೊಂಡವರ ಹೊಸ ಸಿಮ್‌ನಲ್ಲಿ ಅದು ಹಾರುವುದಿಲ್ಲ. ಆ್ಯಡ್-ಆನ್ ಎಂದರೆ ಮಾಡಿದವರು ಜೊತೆಗಿರುವ ತನಕ ಬಾಳುವ ವಸ್ತು. ಕಂಪನಿ ಹಿಂದಿನ ವಿಮಾನಗಳಿಗೆ ಎಷ್ಟು ಸಲ ತಿದ್ದುಪಡಿ ಕೊಟ್ಟಿದೆ, 2020ರ ಸಿಮ್‌ಗೆ ಮಾರಿದ್ದನ್ನು 2024ರದ್ದಕ್ಕೆ ಉಚಿತವಾಗಿ ಕೊಟ್ಟಿತೋ, ಸ್ವಲ್ಪ ಕಟ್ಟಿಸಿಕೊಂಡಿತೋ, ಪೂರ್ತಿ ಹೊಸದಾಗಿ ಮಾರಿತೋ, ಇಷ್ಟು ನೋಡಿದರೆ ಅದರ ನಡತೆ ತಿಳಿಯುತ್ತದೆ. ಮುಂಗಡ ಬುಕಿಂಗ್ ಯಾವ ಕಾರಣಕ್ಕೂ ಬೇಡ.

11. ನಿಜವಾಗಿ ಪೈಲಟ್ ಆಗಬೇಕೆನ್ನುವ ಮಕ್ಕಳಿಗೆ

ಇವರ ವಿಷಯವೇ ಬೇರೆ, ನನಗೆ ಹೆಚ್ಚು ಕಾಳಜಿ ಇರುವುದೂ ಇವರ ಮೇಲೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆ ಕಲಬುರಗಿಯೂ ಇತ್ತು. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಮಕ್ಕಳು ವಿಮಾನ ಹಾರಿಸಲು ಕಲಿಯುತ್ತಿದ್ದಾರೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ತಾಸಿನ ಹಾರಾಟ ಬೇಕು. ಮನೆಯ ಸಿಮ್‌ನಲ್ಲಿ ಕಳೆದ ತಾಸು ಅದಕ್ಕೆ ಸೇರುವುದಿಲ್ಲ ಎಂಬುದನ್ನು ತಂದೆತಾಯಿಗೂ ಮಕ್ಕಳಿಗೂ ನಾನು ಮೊದಲೇ ಹೇಳುತ್ತೇನೆ. ಸಿಮ್ ಉಪಯೋಗಕ್ಕೆ ಬರುವುದು ಕ್ರಮ ರೂಢಿಯಾಗಲು, ಭಯ ಹೋಗಲು.

ಅವರಿಗೆ ಜೆಟ್ ಬೇಡ. ಸಿಮ್ ಜೊತೆ ಬರುವ ಸೆಸ್ನಾ 172 ಸಾಕು, ಎರಡೂ ಸಿಮ್‌ಗಳಲ್ಲಿದೆ. ಇನ್ನೊಂದು ಕೊಳ್ಳಲೇಬೇಕೆಂದರೆ ಎ2ಎ ಕಂಪನಿಯ ಕೊಮಾಂಚಿ 250 ನೋಡಲಿ. ಅದರಲ್ಲಿ ಎಂಜಿನ್ ಸವೆಯುತ್ತದೆ, ಎಣ್ಣೆ ಕಡಿಮೆಯಾಗುತ್ತದೆ, ನಿನ್ನೆ ಒರಟಾಗಿ ಹಾರಿಸಿದ್ದರ ಗುರುತು ಇವತ್ತು ಉಳಿದಿರುತ್ತದೆ. ಅದಕ್ಕಿಂತ ಮೊದಲು ಜಾಯ್‌ಸ್ಟಿಕ್, ಕೈಲಾದರೆ ಕಾಲಿನ ಪೆಡಲ್. ಅಡ್ಡಗಾಳಿಯಲ್ಲಿ ಇಳಿಯುವುದನ್ನು ಕೀಬೋರ್ಡಿನಲ್ಲಿ ಕಲಿಯಲಾಗದು.

ಇವರಿಗೆ ನಾನು ಕೊಡಿಸುವ ಇನ್ನೊಂದು ವಸ್ತು ಮೈಕ್ ಇರುವ ಸಾಧಾರಣ ಹೆಡ್‌ಫೋನ್. ತೆಲುಗು ಶಾಲೆಯಲ್ಲೋ ಕನ್ನಡ ಶಾಲೆಯಲ್ಲೋ ಓದಿದ ನಮ್ಮ ಮಕ್ಕಳಿಗೆ ವಿಮಾನಕ್ಕಿಂತ ರೇಡಿಯೊದ ಇಂಗ್ಲಿಷ್ ಹೆಚ್ಚು ಹೆದರಿಕೆ. ಪರವಾನಗಿಗೆ ಮುಂಚೆ ರೇಡಿಯೊ ಮಾತಿನ ಆರ್‌ಟಿಆರ್ ಪರೀಕ್ಷೆಯೂ ಇದೆ. 2001ರಿಂದ ನಡೆಯುತ್ತಿರುವ ವ್ಯಾಟ್ಸಿಮ್ ಎಂಬ ಉಚಿತ ಜಾಲದಲ್ಲಿ ಹವ್ಯಾಸಿಗಳೇ ಗೋಪುರದ ಕಂಟ್ರೋಲರ್‌ಗಳಾಗಿ ಕೂತು ನಿಜವಾದ ಕ್ರಮದಲ್ಲೇ ಮಾತಾಡಿಸುತ್ತಾರೆ, ಭಾರತದ ಆಕಾಶಕ್ಕೂ ಅಲ್ಲಿ ಕಂಟ್ರೋಲರ್‌ಗಳಿದ್ದಾರೆ. ಡೇಟಾವೂ ಹೆಚ್ಚು ಬೇಡ. ಬರೀ ಕೇಳುವವರಾಗಿ ಸೇರಲು ಅಲ್ಲಿ ಅವಕಾಶವಿದೆ, ಮೊದಲ ಕೆಲವು ವಾರ ಹಾಗೆಯೇ ಕೇಳಲಿ. ಕಂಟ್ರೋಲರ್ ಹೇಳಿದ್ದನ್ನು ಬೇರೆ ಪೈಲಟ್ ಹೇಗೆ ತಿರುಗಿ ಹೇಳುತ್ತಾನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಆಮೇಲೆ ಜನ ಕಡಿಮೆ ಇರುವ ಹೊತ್ತು ನೋಡಿ, ಸೆಸ್ನಾದಲ್ಲಿ ಕೂತು, ಶಂಶಾಬಾದಿನಿಂದ ಕಲಬುರಗಿಗೆ ಅನುಮತಿ ಕೇಳಲಿ.